ಶೇ. 99ರ ಗೆಲುವು, ಶೇ. 55ರ ಗೆಲುವು



ಉತ್ತರ ಆಫ್ರಿಕಾದ ಟ್ಯುನೀಷಿಯಾ ನಮಗೆ ಅಪರಿಚಿತ ನಾಡೇನಲ್ಲ. ಉಕ್ಬಾ ಬಿನ್ ನಾಫಿ ಕಟ್ಟಿದ ಕೈರವಾನ್ ಪಟ್ಟಣ ಅಲ್ಲಿದೆ. ಶತಮಾನಗಳ ಕಾಲ ವಿದ್ವಾಂಸರನ್ನು ರೂಪಿಸಿದ ಝೈತೂನಾ ಮಸೀದಿಯೂ ಅಲ್ಲಿದೆ. ರಾಜ್ಯಗಳು ಹೇಗೆ ಏಳುತ್ತವೆ, ಹೇಗೆ ಬೀಳುತ್ತವೆ ಎಂದು ಆಳವಾಗಿ ಚಿಂತಿಸಿದ ಇಬ್ನ್ ಖಲ್ದೂನ್ 1332ರಲ್ಲಿ ಹುಟ್ಟಿದ್ದು ಅದರ ರಾಜಧಾನಿ ಟ್ಯೂನಿಸ್‌ನಲ್ಲಿ. ಅದೇ ನಾಡು ನಮ್ಮ ಕಾಲದಲ್ಲಿ ಕಂಡ ಏಳುಬೀಳನ್ನು ಅದರ ಅಧ್ಯಕ್ಷೀಯ ಚುನಾವಣೆಗಳ ಮೂಲಕ ನೋಡೋಣ.

1956ರಲ್ಲಿ ಫ್ರಾನ್ಸ್‌ನಿಂದ ಸ್ವಾತಂತ್ರ್ಯ ಸಿಕ್ಕಿತು. ಮರುವರ್ಷ ಹಬೀಬ್ ಬೂರ್ಗಿಬಾ ಅಧ್ಯಕ್ಷರಾದರು. 1975ರಲ್ಲಿ ಅವರನ್ನು ಆಜೀವ ಅಧ್ಯಕ್ಷರೆಂದೇ ಘೋಷಿಸಲಾಯಿತು. 1987ರ ನವೆಂಬರ್ 7ರಂದು ಅವರ ಪ್ರಧಾನಿ ಬೆನ್ ಅಲಿ ಅವರನ್ನು ಇಳಿಸಿ ತಾವೇ ಆ ಕುರ್ಚಿ ಹಿಡಿದರು. ಬಳಿಕವೂ ಚುನಾವಣೆಗಳು ತಪ್ಪದೆ ನಡೆದವು. 1989, 1994 ಮತ್ತು 1999ರಲ್ಲಿ ಪ್ರತಿ ಸಲವೂ ಬೆನ್ ಅಲಿಗೆ ಶೇ. 99ಕ್ಕಿಂತ ಹೆಚ್ಚು ಮತ ಬಿತ್ತೆಂದು ಸರಕಾರ ಸಾರಿತು. 1994ರಲ್ಲಿ ಅವರ ಎದುರು ಸ್ಪರ್ಧಿಸಲು ಮುಂದಾದ ಮುನ್ಸಿಫ್ ಮರ್ಝೂಕಿ ಎಂಬ ವೈದ್ಯರನ್ನು ಜೈಲಿಗೆ ತಳ್ಳಲಾಯಿತು. ಎದುರಾಳಿಯೇ ಇಲ್ಲದ ಕಡೆ ಶೇ. 99ಕ್ಕೆ ಏನು ಬೆಲೆ?

ಅದರ ಬೆಲೆ ಏನೆಂದು 2010ರ ಡಿಸೆಂಬರ್ 17ರಂದು ತಿಳಿಯತೊಡಗಿತು. ಸೀದಿ ಬೂಝೀದ್ ಎಂಬ ಊರಿನಲ್ಲಿ ತಳ್ಳುಗಾಡಿಯ ಹಣ್ಣು ವ್ಯಾಪಾರಿ ಮುಹಮ್ಮದ್ ಬೂಅಝೀಝಿ ಅಧಿಕಾರಿಗಳ ಕಿರುಕುಳದಿಂದ ಬೇಸತ್ತು ಮೈಗೆ ಬೆಂಕಿ ಹಚ್ಚಿಕೊಂಡರು. ಹತಾಶೆಯ ಆ ಕೃತ್ಯವನ್ನು ನಾವು ಮೆಚ್ಚಲಾರೆವು. ಆದರೆ ಅದರ ಹಿಂದಿದ್ದ ನೋವು ಇಡೀ ದೇಶದ ನೋವಾಗಿತ್ತು. ಒಂದೇ ತಿಂಗಳೊಳಗೆ, 2011ರ ಜನವರಿ 14ರಂದು, ಬೆನ್ ಅಲಿ ದೇಶ ಬಿಟ್ಟು ಓಡಿದರು.

ಮುಂದಿನ ದಾರಿ ಸುಲಭವಾಗಿರಲಿಲ್ಲ. 2013ರಲ್ಲಿ ಇಬ್ಬರು ರಾಜಕೀಯ ನಾಯಕರ ಹತ್ಯೆಯಾಯಿತು. ದೇಶ ಅಂತಃಕಲಹದ ಅಂಚಿಗೆ ಬಂತು. ಆಗ ಕಾರ್ಮಿಕರು, ಉದ್ಯಮಿಗಳು, ವಕೀಲರು ಮತ್ತು ಮಾನವ ಹಕ್ಕು ಹೋರಾಟಗಾರರ ನಾಲ್ಕು ಸಂಘಟನೆಗಳು ಸೇರಿ ಎಲ್ಲರನ್ನೂ ಮಾತುಕತೆಗೆ ಕೂರಿಸಿದವು. 2015ರ ನೊಬೆಲ್ ಶಾಂತಿ ಪ್ರಶಸ್ತಿ ಅವುಗಳಿಗೇ ಸಂದಿತು. ಸರಕಾರ ನಡೆಸುತ್ತಿದ್ದ ಅನ್ನಹ್ದಾ ಪಕ್ಷ ಅಧಿಕಾರವನ್ನು ಪಕ್ಷರಹಿತ ಸರಕಾರಕ್ಕೆ ಬಿಟ್ಟುಕೊಟ್ಟಿತು. 2014ರ ಜನವರಿಯಲ್ಲಿ ಹೊಸ ಸಂವಿಧಾನ ಬಂತು. ಶೂರಾ ಎಂದರೆ ಇದೇ ಅಲ್ಲವೇ?

ಅದೇ ವರ್ಷ ನವೆಂಬರ್ 23ರಂದು ಅಧ್ಯಕ್ಷೀಯ ಚುನಾವಣೆ ನಡೆಯಿತು. ಮತಪತ್ರದಲ್ಲಿ 27 ಹೆಸರುಗಳಿದ್ದವು. ಯಾರಿಗೂ ಬಹುಮತ ಸಿಗದ ಕಾರಣ ಡಿಸೆಂಬರ್ 21ರಂದು ಮೊದಲ ಇಬ್ಬರ ನಡುವೆ ಎರಡನೇ ಸುತ್ತಿನ ಮತದಾನವಾಯಿತು. 88 ವರ್ಷದ ಬಾಜಿ ಖಾಯಿದ್ ಸಬ್ಸಿ ಶೇ. 55.68 ಮತ ಪಡೆದು ಗೆದ್ದರು. ಶೇ. 44.32 ಪಡೆದು ಸೋತವರು ಆಗ ಅಧಿಕಾರದಲ್ಲಿದ್ದ ಮರ್ಝೂಕಿ. ಇಪ್ಪತ್ತು ವರ್ಷಗಳ ಹಿಂದೆ ಸ್ಪರ್ಧಿಸಲು ಹೊರಟಿದ್ದಕ್ಕೇ ಜೈಲು ಕಂಡ ಅದೇ ವೈದ್ಯರು! ದಕ್ಷಿಣದ ಊರುಗಳಲ್ಲಿ ಬೆಂಬಲಿಗರು ಬೀದಿಗಿಳಿದಾಗ ಮನೆಗೆ ಮರಳಿರೆಂದು ಅವರೇ ಕೇಳಿಕೊಂಡರು, ಗೆದ್ದವರನ್ನು ಅಭಿನಂದಿಸಿದರು, ಅರಮನೆ ಬಿಟ್ಟುಕೊಟ್ಟರು. ಆ ದೇಶದ ಇತಿಹಾಸದಲ್ಲಿ ಅಧ್ಯಕ್ಷರೊಬ್ಬರು ಮತಪೆಟ್ಟಿಗೆಯಲ್ಲಿ ಸೋತು ಇಳಿದದ್ದು ಅದೇ ಮೊದಲು.

2019ರ ಜುಲೈ 25ರಂದು ಸಬ್ಸಿ ಅಧಿಕಾರದಲ್ಲಿದ್ದಾಗಲೇ ನಿಧನರಾದರು. ಸಂವಿಧಾನದಂತೆ ಅಂದೇ ಸಂಸತ್ತಿನ ಸ್ಪೀಕರ್ ಹಂಗಾಮಿ ಅಧ್ಯಕ್ಷರಾದರು. ಅಕ್ಟೋಬರ್‌ನಲ್ಲಿ ಕಾನೂನು ಪ್ರಾಧ್ಯಾಪಕ ಕೈಸ್ ಸಈದ್ ಶೇ. 72ಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಅದು ನಿಜವಾದ ಗೆಲುವಾಗಿತ್ತು.

ಆದರೆ ಮತಪೆಟ್ಟಿಗೆ ರೊಟ್ಟಿ ಕೊಟ್ಟಿರಲಿಲ್ಲ. ಯುವಕರಿಗೆ ಕೆಲಸವಿರಲಿಲ್ಲ, ಬೆಲೆಗಳು ಏರುತ್ತಿದ್ದವು, ಪಕ್ಷಗಳು ಸಂಸತ್ತಿನಲ್ಲಿ ಜಗಳವಾಡುತ್ತಿದ್ದವು, ಮೇಲೆ ಕೊರೋನಾ ಎರಗಿತು. ಹೀಗಾಗಿ 2021ರ ಜುಲೈ 25ರಂದು ಸಈದ್ ಸಂಸತ್ತನ್ನು ಅಮಾನತಿನಲ್ಲಿಟ್ಟಾಗ ಬಹಳ ಜನ ಬೀದಿಗೆ ಬಂದು ಸಂಭ್ರಮಿಸಿದರು. ಮರುವರ್ಷ ಅಧ್ಯಕ್ಷರ ಕೈ ಬಲಪಡಿಸುವ ಹೊಸ ಸಂವಿಧಾನ ಬಂತು. 2024ರ ಅಕ್ಟೋಬರ್ 6ರ ಚುನಾವಣೆಗೆ ಮೊದಲು ಮೂವರ ಹೆಸರನ್ನು ಮತಪತ್ರಕ್ಕೆ ಮರಳಿ ಸೇರಿಸಬೇಕೆಂದು ಆಡಳಿತ ನ್ಯಾಯಾಲಯ ತೀರ್ಪು ನೀಡಿತು. ಚುನಾವಣಾ ಆಯೋಗ ಕಿವಿಗೊಡಲಿಲ್ಲ. ಕಣದಲ್ಲಿ ಉಳಿದ ಮೂವರಲ್ಲಿ ಒಬ್ಬರು ಜೈಲಿನಲ್ಲಿದ್ದರು. ಸಈದ್‌ಗೆ ಶೇ. 90ಕ್ಕೂ ಹೆಚ್ಚು ಮತ ಬಿತ್ತು. ಮತ ಹಾಕಲು ಬಂದವರು ಮಾತ್ರ ಶೇ. 30ಕ್ಕಿಂತ ಕಡಿಮೆ.

ನಾವು ಇಲ್ಲಿ ಕಲಿಯಬೇಕಾದದ್ದೇನು? ಅಧಿಕಾರ ಒಂದು ಅಮಾನತ್. ಪ್ರವಾದಿವರ್ಯರ(ಸ) ಬಳಿಕ ಆಯ್ಕೆಯಾದ ಅಬೂಬಕರ್(ರ) ತಮ್ಮ ಮೊದಲ ಭಾಷಣದಲ್ಲೇ, ತಪ್ಪಿದರೆ ತಿದ್ದಿರೆಂದು ಜನರನ್ನು ಕೇಳಿಕೊಂಡಿದ್ದರು. ತಿದ್ದುವವರ ಬಾಯಿ ಮುಚ್ಚಿಸಿ ಪಡೆದ ಶೇ. 99ಕ್ಕಿಂತ, ಸೋತವನೂ ಎದ್ದುನಿಂತು ಒಪ್ಪಿಕೊಂಡ ಶೇ. 55 ಹೆಚ್ಚು ತೂಕದ್ದು. ಆ ಅಮಾನತ್ತನ್ನು ಕಾಯುವ ಹೊಣೆ ಆಳುವವರದ್ದು ಮಾತ್ರವಲ್ಲ. ಹಸಿದು ದಣಿದ ಜನ ಒಬ್ಬನೇ ಎಲ್ಲವನ್ನೂ ಸರಿಪಡಿಸಲಿ ಎಂದು ಕೈಚೆಲ್ಲಿದಾಗಲೂ ಅದು ಕಳೆದುಹೋಗುತ್ತದೆ. ಟ್ಯುನೀಷಿಯಾದ ಜನ ಅದನ್ನು ಒಮ್ಮೆ ಗಳಿಸಿದವರು. ಮತ್ತೆ ಗಳಿಸುವ ಬಲವನ್ನು ಅಲ್ಲಾಹನು ಅವರಿಗೆ ಕರುಣಿಸಲಿ. ಆಮೀನ್.