ಕಲ್ಲು ಉಳಿಯಿತು, ಮರ ಎಲ್ಲಿ ಹೋಯಿತು?

ನಂಜನಗೂಡಿನ ಹಳೆಯ ಸೇತುವೆಯನ್ನು ದೇಶದ ಅತಿ ಹಳೆಯ ರೈಲ್ವೆ ಸೇತುವೆ ಎನ್ನುತ್ತಾರೆ. ಮಾತು ಅರ್ಧ ನಿಜ. ಕಪಿಲೆಗೆ ಅಡ್ಡಲಾಗಿ ದಳವಾಯಿ ದೇವರಾಜಯ್ಯ ಅದನ್ನು ಕಟ್ಟಿಸಿದ್ದು 1735ರಲ್ಲಿ. ಆಗ ಉಗಿಬಂಡಿಯೇ ಹುಟ್ಟಿರಲಿಲ್ಲ. ಮುಂಬಯಿಯಿಂದ ಠಾಣೆಗೆ ಪ್ರಯಾಣಿಕರ ರೈಲು ಹೊರಟಿದ್ದು 1853ರಲ್ಲಿ. ಮೈಸೂರಿನಿಂದ ನಂಜನಗೂಡಿಗೆ ಮೀಟರ್ ಗೇಜ್ ಹಳಿ ಬಂದಿದ್ದು 1891ರಲ್ಲಿ, ಸೇತುವೆಗೆ ಆಗಲೇ 156 ವರ್ಷ. ಕಾಲ್ನಡೆಯವರಿಗೆ, ಎತ್ತಿನಗಾಡಿಗಳಿಗೆ ಎಂದು ಕಟ್ಟಿದ ಕಲ್ಲಿನ ಕಮಾನುಗಳು ಎಂಜಿನ್ನಿನ ಭಾರವನ್ನೂ ತಡೆದುಕೊಳ್ಳುತ್ತವೆ ಎಂದು ಯಾರೋ ನಂಬಿದರಲ್ಲ, ನನಗೆ ಸೋಜಿಗ ಅನ್ನಿಸುವುದು ಅದು. ಒಂದೇ ಸೇತುವೆಯ ಮೇಲೆ ಒಂದು ಬದಿಗೆ ರಸ್ತೆ, ಇನ್ನೊಂದು ಬದಿಗೆ ರೈಲು. 1926ರಲ್ಲಿ ಹಳಿ ಚಾಮರಾಜನಗರದವರೆಗೂ ಹೋಯಿತು. 2007ರವರೆಗೆ ರೈಲು ಈ ಕಲ್ಲಿನ ಮೇಲೆಯೇ ದಾಟುತ್ತಿತ್ತು.

ಆಮೇಲೆ ಬ್ರಾಡ್ ಗೇಜ್ ಬಂತು. ಸಾವಿರ ಮಿಲಿಮೀಟರಿನ ಹಳಿ 1,676 ಮಿಲಿಮೀಟರ್ ಆಗುವುದೆಂದರೆ ಎರಡು ಕಂಬಿಗಳನ್ನು ಸರಿಸಿದಷ್ಟು ಸುಲಭವಲ್ಲ. ಪ್ಲಾಟ್‌ಫಾರಂ ಎತ್ತರವಾಗಬೇಕು, ಪಕ್ಕದಲ್ಲಿ ಹೊಸ ಸೇತುವೆ ಬೇಕು, ಹಳಿಯಡಿಯ ಮರದ ಸ್ಲೀಪರುಗಳ ಜಾಗಕ್ಕೆ ಕಾಂಕ್ರೀಟ್ ಬರಬೇಕು. ಕಲ್ಲಿನ ಸೇತುವೆ ನಿಂತಿತು. ಅದಕ್ಕೆ ಹೆಸರಿತ್ತು, ಇಸವಿ ಇತ್ತು. ಮರಕ್ಕೆ ಅದು ಯಾವುದೂ ಇರಲಿಲ್ಲ. ಮೀಟರ್ ಗೇಜ್ ಕಾಲದ ಸಣ್ಣ ಸ್ಟೇಷನ್ನುಗಳ ಚೆಲುವೆಲ್ಲ ಇದ್ದದ್ದು ಮರದಲ್ಲಿ: ಹೆಂಚಿನ ಮಾಡನ್ನು ಹೊತ್ತ ತೊಲೆ, ಸೂರಿನ ಅಂಚಿಗೆ ಹೊಡೆದ ಕತ್ತರಿಸಿದ ಹಲಗೆ, ಟಿಕೆಟ್ ಕಿಂಡಿಯ ಚೌಕಟ್ಟು, ಕೂತು ಕೂತು ನುಣುಪಾದ ಬೆಂಚು. ಗೆದ್ದಲು ತಿಂದರೆ ಎಸೆಯುತ್ತಾರೆ, ಚೆನ್ನಾಗಿದ್ದರೆ ಯಾರೋ ಒಯ್ಯುತ್ತಾರೆ.

ಮೈಸೂರಿನಲ್ಲಿ 1979ರಲ್ಲಿ ಶುರುವಾದ ರೈಲ್ವೆ ಮ್ಯೂಸಿಯಂಗೆ ಹೋದರೆ ಅರಸರ ಮನೆತನದ ಸಲೂನ್ ಬೋಗಿ ಈಗಲೂ ನೋಡಲು ಸಿಗುತ್ತದೆ. ಅರಮನೆಯ ಮರ ಉಳಿದಿದೆ, ಸಂತೋಷ. ಜಾತ್ರೆಗೆ ಬಂದು ಪ್ಲಾಟ್‌ಫಾರಮ್ಮಿನಲ್ಲಿ ಬುತ್ತಿ ಬಿಚ್ಚಿದವರ ಬೆಂಚಿಗೆ ಯಾವ ಗ್ಯಾಲರಿ?

ಇದನ್ನು ಕಡತಗಳಲ್ಲಿ ಹುಡುಕುವುದಕ್ಕಿಂತ ಮನೆಗಳಲ್ಲಿ ಹುಡುಕುವುದೇ ವಾಸಿ ಅನ್ನಿಸುತ್ತದೆ. ನಂಜನಗೂಡಿನಲ್ಲಷ್ಟೇ ಕೇಳಿದರೆ ಸಾಲದು. ಇದೇ ಕಪಿಲೆ ಕೆಳಗೆ ಹರಿದು ಕಾವೇರಿಯನ್ನು ಸೇರುವ ಟಿ. ನರಸೀಪುರಕ್ಕೆ ಇವತ್ತಿಗೂ ರೈಲಿಲ್ಲ. ರೈಲು ಹತ್ತಲೆಂದೇ ಬೇರೆ ಊರಿಗೆ ಹೋಗಬೇಕಾದವರಿಗೆ ಸ್ಟೇಷನ್ ಹೆಚ್ಚು ನೆನಪಿರುತ್ತದೆ. ಹಳೆಯ ಆಲ್ಬಮ್ ಇದ್ದವರು ಒಮ್ಮೆ ತೆಗೆದು ನೋಡಿ. ಫೋಟೊದಲ್ಲಿರುವ ಮುಖಗಳನ್ನು ಬಿಟ್ಟು ಅವರ ಹಿಂದಿನ ಕಂಬ, ಬಾಗಿಲು, ಸೂರಿನ ಅಂಚನ್ನು ನೋಡಿ. ಊರು, ಇಸವಿ ಗೊತ್ತಿದ್ದರೆ ಪೆನ್ಸಿಲಿನಲ್ಲಿ ಹಿಂಬದಿಗೆ ಬರೆದಿಡಿ.