ಬಂದೂಕಿನ ಕೊಂಡಿ, ಬಂಡೆಯ ಕೊಂಡಿ

ಬಂಡೆ ಹತ್ತುವವರು ಸೊಂಟದ ಪಟ್ಟಿಗೆ ಸಾಲಾಗಿ ನೇತುಹಾಕಿಕೊಳ್ಳುವ, ಸ್ಪ್ರಿಂಗ್ ಬಾಗಿಲಿನ ಲೋಹದ ಕೊಂಡಿಗೆ ಕ್ಯಾರಾಬಿನರ್ ಎಂದು ಹೆಸರು. ಅದು ಹುಟ್ಟಿದ್ದು ಬೆಟ್ಟಕ್ಕಾಗಿ ಅಲ್ಲ, ಕುದುರೆ ಸವಾರನ ಬಂದೂಕಿಗಾಗಿ. ಹದಿನೆಂಟನೆಯ ಶತಮಾನದ ಯುರೋಪಿನ ಸವಾರರು ಕಾರ್ಬೈನ್ ಎಂಬ ಗಿಡ್ಡ ನಳಿಗೆಯ ಬಂದೂಕನ್ನು ಬಳಸುತ್ತಿದ್ದರು. ಭುಜದಿಂದ ಸೊಂಟಕ್ಕೆ ಅಡ್ಡಲಾಗಿ ಅಗಲವಾದ ತೊಗಲಿನ ಪಟ್ಟಿ, ಪಟ್ಟಿಯ ಮೇಲೆ ಜಾರಾಡುವ ಸ್ಪ್ರಿಂಗ್ ಕೊಂಡಿ, ಬಂದೂಕಿನ ಪಕ್ಕದ ಸರಳಿನಲ್ಲಿ ಒಂದು ಬಳೆ. ಬಳೆಗೆ ಕೊಂಡಿ ಸಿಕ್ಕಿಸಿದರೆ ಮುಗಿಯಿತು. ಗುಂಡು ಹಾರಿಸಿ, ಬಂದೂಕನ್ನು ಹಾಗೆಯೇ ಕೈಬಿಟ್ಟು, ಕತ್ತಿ ಹಿರಿಯಬಹುದಿತ್ತು. ಕುದುರೆ ಎಷ್ಟು ಕುಪ್ಪಳಿಸಿದರೂ ಬಂದೂಕು ನೆಲ ಕಾಣುತ್ತಿರಲಿಲ್ಲ. ಒಂದೇ ಕೈಯಲ್ಲಿ, ಕಣ್ಣಿಟ್ಟು ನೋಡದೆ, ಸಿಕ್ಕಿಸಲು ಬರಬೇಕು. ಸಿಕ್ಕಿಸಿದ ಮೇಲೆ ತಾನಾಗಿ ಕಳಚಬಾರದು. ಬಂಡೆಯ ಕೊಂಡಿಯಿಂದ ಇಂದಿಗೂ ಮೊದಲು ಬೇಡುವುದು ಈ ಎರಡನ್ನೇ.

ಮೈಸೂರು ಯುದ್ಧಗಳ ಕಾಲದಲ್ಲಿ ಈ ಸಜ್ಜು ಕಾವೇರಿ ತೀರಕ್ಕೂ ಬಂತು. 1799ರ ಮಾರ್ಚ್ 27ರಂದು ಮಳವಳ್ಳಿಯ ಬಳಿ ಟಿಪ್ಪುವಿನ ಸೇನೆಗೂ ಜನರಲ್ ಹ್ಯಾರಿಸ್‌ನ ಸೇನೆಗೂ ಕದನ ನಡೆದಾಗ, ಫ್ಲಾಯ್ಡ್‌ನ ಕೈಕೆಳಗಿನ ಬ್ರಿಟಿಷ್ ಲಘು ಅಶ್ವದಳ ಮೈಸೂರಿನ ಕಾಲಾಳುಗಳ ಮೇಲೆ ನುಗ್ಗಿತು. ಕಾರ್ಬೈನ್ ಮತ್ತು ಕೊಂಡಿಯ ಪಟ್ಟಿ ಅಂಥ ದಳಗಳ ವಾಡಿಕೆಯ ಸಾಮಾನು. ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು. ಕೋಟೆಯ ಉತ್ತರಕ್ಕೆ ಕೆಲವೇ ಮೈಲಿ ದೂರದ ಹಿರೋಡೆಯಲ್ಲಿ ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದರು. ಊರ ಪಕ್ಕದ ಬಂಡೆಗುಡ್ಡಗಳಿಂದಾಗಿ ಇಂಗ್ಲಿಷರ ದಾಖಲೆಗಳಲ್ಲಿ ಅದು ‘ಫ್ರೆಂಚ್ ರಾಕ್ಸ್’ ಆಯಿತು. ಪತನದ ನಂತರ ಅಲ್ಲಿ ಮದ್ರಾಸ್ ಸೇನೆಯ ದಂಡು ಬಹುಕಾಲ ಇತ್ತು. ಅದೇ ಊರು ಇಂದಿನ ಪಾಂಡವಪುರ, ಆ ಬಂಡೆಗಳೇ ಕುಂತಿಬೆಟ್ಟ. ಹೀಗೆ ಬಂಡೆ ಮತ್ತು ಕೊಂಡಿ ಒಂದೇ ಸೀಮೆಯಲ್ಲಿ ಇದ್ದವು. ಒಂದನ್ನು ಇನ್ನೊಂದಕ್ಕೆ ಸಿಕ್ಕಿಸುವ ಯೋಚನೆ ಮಾತ್ರ ಯಾರಿಗೂ ಬರಲಿಲ್ಲ, ಬರಬೇಕಾದ ಅಗತ್ಯವೂ ಇರಲಿಲ್ಲ.

ಏಕೆಂದರೆ ಬೆಟ್ಟ ಹತ್ತುವುದು ಇಲ್ಲಿನವರಿಗೆ ಹೊಸದಲ್ಲ, ಹಗ್ಗ ಕಟ್ಟಿಕೊಂಡು ಹತ್ತುವ ವಾಡಿಕೆ ಮಾತ್ರ ಇರಲಿಲ್ಲ. ಶ್ರೀರಂಗಪಟ್ಟಣದ ಕರಿಘಟ್ಟ, ಪಾಂಡವಪುರ ತಾಲ್ಲೂಕಿನ ಮೇಲುಕೋಟೆ, ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಎಲ್ಲವೂ ದೇವರ ಬೆಟ್ಟಗಳು. ಭಕ್ತರಿಗೆ ಮೆಟ್ಟಿಲು ಕಟ್ಟಿದರು. ಕೆ.ಆರ್. ಪೇಟೆ ತಾಲ್ಲೂಕಿನ ನಾರಾಯಣದುರ್ಗ ಕೋಟೆಯ ಬೆಟ್ಟ. ಚಿತ್ರದುರ್ಗ, ಮಧುಗಿರಿಗಳಲ್ಲಿ ಬಂಡೆಯ ಮೈಯಲ್ಲೇ ಕಡಿದ ಕಾಲ್ಕುಳಿಗಳು ಈಗಲೂ ಇವೆ. ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಕೋಟೆ ಏರಿದ ಕಥೆಗಳು ಕನ್ನಡ ನಾಡಿನಲ್ಲೂ ಮರಾಠರ ನಾಡಿನಲ್ಲೂ ಹೇರಳ. ಉಡ ಒಬ್ಬ ಆಳಿನ ತೂಕ ತಡೆಯುತ್ತದೆಯೇ ಎಂದು ಕಥೆ ಹೇಳಿದವರು ಕೇಳಿದಂತಿಲ್ಲ. ಕಡಿದಾದ ಗ್ರಾನೈಟ್ ಬೆಟ್ಟಗಳನ್ನು ಹತ್ತಲಾಗದು ಎಂಬ ನಂಬಿಕೆ ಮೈಸೂರಿನ ರಕ್ಷಣೆಯ ಲೆಕ್ಕಾಚಾರದಲ್ಲೇ ಸೇರಿತ್ತು. 1791ರಲ್ಲಿ ಆ ಲೆಕ್ಕ ತಪ್ಪಿತು: ಅಕ್ಟೋಬರ್ 19ರಂದು ನಂದಿದುರ್ಗ, ಡಿಸೆಂಬರ್ 21ರಂದು ಸಾವನದುರ್ಗ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಸೇನೆಯ ಕೈಸೇರಿದವು. ಫಿರಂಗಿಗಳು ಗೋಡೆ ಒಡೆದವು, ಸಿಪಾಯಿಗಳು ಹತ್ತಿದರು.

ಕೊಂಡಿ ಎಂಬ ವಸ್ತುವೂ ಈ ಸೀಮೆಯ ಮನೆಗಳಿಗೆ ಅಪರಿಚಿತವಲ್ಲ. ತೊಟ್ಟಿಲ ಸರಪಳಿಗೆ ಕೊಂಡಿ, ತೂಗುದೀಪಕ್ಕೆ ಕೊಂಡಿ. ಬಾವಿಗೆ ಬಿದ್ದ ಬಿಂದಿಗೆ ಎತ್ತಲು ಪಾತಾಳಗರಡಿ: ಬಳೆಯೊಂದರ ಸುತ್ತ ಇಳಿಬಿಟ್ಟ ಹಲವು ಕಬ್ಬಿಣದ ಕೊಕ್ಕೆಗಳ ಗೊಂಚಲು, ಬೀದಿಯಲ್ಲಿ ಒಬ್ಬರ ಮನೆಯಲ್ಲಿದ್ದರೆ ಎಲ್ಲರಿಗೂ ಸಾಕು. ಇವೆಲ್ಲ ತೆರೆದ ಬಾಯಿಯ ಕೊಕ್ಕೆಗಳು. ತೂಕ ಒಂದೇ ಕಡೆಗೆ, ಕೆಳಕ್ಕೆ, ಜಗ್ಗುತ್ತಿರುವ ತನಕ ಮಾತ್ರ ನಿಲ್ಲುತ್ತವೆ. ಹಗ್ಗ ಸಡಿಲಾದ ಕ್ಷಣ ಕಳಚಿಕೊಳ್ಳಬಹುದು. ಬಂಡೆಯ ಮೇಲೆ ಹಗ್ಗ ಸಡಿಲಾಗುವುದು, ಬಿಗಿಯಾಗುವುದು, ಪಕ್ಕಕ್ಕೆ ಎಳೆಯುವುದು ನಡೆದೇ ಇರುತ್ತದೆ. ಅಲ್ಲಿ ಬಾಯಿಗೆ ಬಾಗಿಲು ಬೇಕು.

ಸವಾರನ ಕೊಂಡಿ ಬೆಟ್ಟಕ್ಕೆ ಬಂದದ್ದು ಅಗ್ನಿಶಾಮಕರ ಮೂಲಕ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆಲ್ಪ್ಸ್‌ನ ಆರೋಹಿಗಳು ಬಂಡೆಯ ಬಿರುಕಿಗೆ ಉಂಗುರವಿದ್ದ ಕಬ್ಬಿಣದ ಮೊಳೆ ಬಡಿಯುತ್ತಿದ್ದರು. ಹಗ್ಗವನ್ನು ಉಂಗುರದೊಳಗೆ ತೂರಿಸಬೇಕಾದರೆ ಸೊಂಟದ ಗಂಟು ಬಿಚ್ಚಿ, ತೂರಿಸಿ, ಮತ್ತೆ ಕಟ್ಟಿಕೊಳ್ಳಬೇಕು, ಅದೂ ಒಂದು ಕೈಯಲ್ಲಿ ಬಂಡೆ ಹಿಡಿದುಕೊಂಡು. ರಕ್ಷಣೆ ಪಡೆಯಲು ಮೊದಲು ಇದ್ದ ರಕ್ಷಣೆಯನ್ನೇ ಬಿಚ್ಚಬೇಕಾದ ಪೇಚು. 1910ರ ಸುಮಾರಿಗೆ ಮ್ಯೂನಿಕ್‌ನ ಒಟ್ಟೊ ಹೆರ್ಜೋಗ್ ಅಲ್ಲಿನ ಅಗ್ನಿಶಾಮಕರು ಬಳಸುತ್ತಿದ್ದ ಪೇರಲೆ ಆಕಾರದ ಕೊಂಡಿಗಳನ್ನು ನೋಡಿ ಬಂಡೆಗೆ ತಂದ ಎಂದು ಪರ್ವತಾರೋಹಣದ ಚರಿತ್ರೆಗಳು ಹೇಳುತ್ತವೆ. ಅದೇ ಹೊತ್ತಿಗೆ ಹಾನ್ಸ್ ಫೀಕ್ಟ್ಲ್ ಮೊಳೆಯನ್ನು ಸುಧಾರಿಸಿದ. ಮೊಳೆ, ಕೊಂಡಿ, ಹಗ್ಗ ಮೂರೂ ಕೂಡಿದ ಕೆಲವೇ ವರ್ಷಗಳಲ್ಲಿ, ಹಾನ್ಸ್ ಡ್ಯೂಲ್ಫರ್‌ನಂಥವರು ಅದುವರೆಗೆ ಕನಸಾಗಿದ್ದ ಗೋಡೆಗಳನ್ನು ಹತ್ತಿದರು. ಹಗ್ಗ ಇನ್ನೂ ನಾರಿನದೇ. ಬಿದ್ದರೆ ಕೊಂಡಿಗಿಂತ ಮೊದಲು ಹಗ್ಗ ಹರಿಯುವ ಕಾಲ ಅದು. ಎರಡನೆಯ ಮಹಾಯುದ್ಧದ ನಂತರ ನೈಲಾನ್ ಹಗ್ಗ ಬಂದ ಮೇಲೆ ಕೊಂಡಿಯ ಬಲ ನಿಜವಾದ ಪ್ರಶ್ನೆಯಾಯಿತು.

ಮೊದಲ ಕೊಂಡಿಗಳು ಉಕ್ಕಿನವು, ಭಾರ. ಇಪ್ಪತ್ತು ಕೊಂಡಿ ಹೊತ್ತರೆ ಅರ್ಧ ಬಲ ಅದಕ್ಕೇ ಹೋಗುತ್ತಿತ್ತು. 1930ರ ದಶಕದ ಕೊನೆಗೆ ಫ್ರಾನ್ಸಿನ ಪಿಯರ್ ಅಲ್ಲೆ ಅಲ್ಯೂಮಿನಿಯಂ ಕೊಂಡಿ ಮಾಡಿದ. 1950ರ ದಶಕದಲ್ಲಿ ಅಮೆರಿಕದ ಇವಾನ್ ಶಿನಾರ್ಡ್ ತನ್ನ ಕುಲುಮೆಯಲ್ಲಿ ಅದನ್ನು ಮುಂದುವರಿಸಿದ. ಅಲ್ಯೂಮಿನಿಯಂ ಉಕ್ಕಿನ ಮೂರನೇ ಒಂದು ಭಾಗದಷ್ಟು ತೂಕ. ಇಂದಿನ ಕೊಂಡಿಗಳಿಗೆ ಸಾಮಾನ್ಯವಾಗಿ ಬಳಸುವುದು ಸತುವು ಬೆರೆತ 7075 ಎಂಬ ಮಿಶ್ರಲೋಹ. ಸರಳನ್ನು ಬಗ್ಗಿಸಿ, ಅಚ್ಚಿನಲ್ಲಿ ಬಡಿದು ಒತ್ತಿ, ಕಾಯಿಸಿ ಹದಗೊಳಿಸುತ್ತಾರೆ, ಎರಕ ಹೊಯ್ಯುವುದಿಲ್ಲ. ನಾಗಮಂಗಲದ ಓದುಗರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿಲ್ಲ. ಕಂಚು–ಹಿತ್ತಾಳೆಯ ಕೆಲಸಕ್ಕೆ ಹೆಸರಾದ ಊರು ಅದು. ಮೇಣ ಕರಗಿಸಿ ತೆಗೆದ ಅಚ್ಚಿಗೆ ಕಾದ ಲೋಹ ಹೊಯ್ದು ವಿಗ್ರಹ ಮಾಡುವಾಗ ಒಳಗೆ ಗಾಳಿಗುಳ್ಳೆ ಉಳಿದರೂ ವಿಗ್ರಹ ನಿಲ್ಲುತ್ತದೆ, ಏಕೆಂದರೆ ಅದನ್ನು ಯಾರೂ ಜಗ್ಗುವುದಿಲ್ಲ. ಕೊಂಡಿಯ ಬಾಗಿನಲ್ಲಿ ಅಂಥ ಒಂದು ಗುಳ್ಳೆ ಇದ್ದರೆ ಬಿರುಕು ಶುರುವಾಗುವುದೇ ಅಲ್ಲಿಂದ. ಬಡಿದ ಸರಳಿನಲ್ಲಿ ಲೋಹದ ಎಳೆ ಬಾಗಿನ ಉದ್ದಕ್ಕೂ ಒಂದೇ ಸಮ ಹರಿದಿರುತ್ತದೆ.

ಆಕಾರವೂ ಬದಲಾಯಿತು. ಮೊಟ್ಟೆಯಾಕಾರದ ಕೊಂಡಿಯಲ್ಲಿ ಭಾರ ಎರಡು ಬದಿಗೂ ಸಮನಾಗಿ ಹಂಚಿಹೋಗುತ್ತದೆ. ಆದರೆ ಬಾಗಿಲಿರುವ ಬದಿ ದುರ್ಬಲ. ಇಂಗ್ಲಿಷಿನ ‘ಡಿ’ ಆಕಾರ ಹಗ್ಗವನ್ನು ಬೆನ್ನಿನ ಕಡೆಗೆ, ಅಂದರೆ ಬಾಗಿಲಿಲ್ಲದ ಗಟ್ಟಿ ಬದಿಗೆ, ಜಾರಿಸುತ್ತದೆ. ಒಂದು ತುದಿ ಅಗಲ, ಇನ್ನೊಂದು ಕಿರಿದಾದ ಓರೆ ‘ಡಿ’ ಬಂದಾಗ ಬಾಗಿಲೂ ಹೆಚ್ಚು ತೆರೆದುಕೊಂಡಿತು. ಬಂಡೆಗೆ ಮೊದಲೇ ಕೂರಿಸಿದ ಬೋಲ್ಟ್‌ಗಳಿಗೆ ಕೊಂಡಿ ಸಿಕ್ಕಿಸುತ್ತ ಹತ್ತುವ ಸ್ಪೋರ್ಟ್ ಕ್ಲೈಂಬಿಂಗ್‌ನಲ್ಲಿ ಇಂದು ಕಾಣುವುದು ಬಹುಪಾಲು ಇದೇ.

ಕೊಂಡಿಯ ಬೆನ್ನ ಮೇಲೆ ಸಣ್ಣದಾಗಿ ಕೊರೆದ ಮೂರು ಅಂಕಿಗಳಲ್ಲಿ ಈ ಚರಿತ್ರೆಯ ಪಾಠಗಳೆಲ್ಲ ಅಡಕವಾಗಿವೆ, ಅಂಗಡಿಯಲ್ಲಿ ಮೊದಲು ಓದಬೇಕಾದದ್ದೂ ಅವನ್ನೇ. ಬಾಣದ ಗುರುತು ಉದ್ದಕ್ಕೆ ಇದ್ದರೆ ಬಾಗಿಲು ಮುಚ್ಚಿದಾಗಿನ ಬಲ. ಅಡ್ಡಕ್ಕೆ ಇದ್ದರೆ ಪಕ್ಕದ ಎಳೆತಕ್ಕೆ. ತೆರೆದ ಬಾಗಿಲಿನ ಚಿತ್ರವಿದ್ದರೆ ಬಾಗಿಲು ತೆರೆದಿದ್ದಾಗಿನ ಬಲ. ಯುರೋಪಿನ ಇಎನ್ 12275 ಮಾನಕ ಮತ್ತು ಪರ್ವತಾರೋಹಣ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟ ಯುಐಎಎಯ 121ನೇ ಮಾನಕದಂತೆ ಸಾಮಾನ್ಯ ಕೊಂಡಿ ಉದ್ದಕ್ಕೆ 20 ಕಿಲೋನ್ಯೂಟನ್, ಅಡ್ಡಕ್ಕೆ 7, ಬಾಗಿಲು ತೆರೆದಾಗ 7 ತಡೆಯಲೇಬೇಕು. ಒಂದು ಕಿಲೋನ್ಯೂಟನ್ ಎಂದರೆ ಹೆಚ್ಚುಕಡಿಮೆ ನೂರು ಕಿಲೋ ತೂಗಿದಷ್ಟು. 20 ಎಂಬ ಅಂಕಿ ಗಾಳಿಯಲ್ಲಿ ಹುಟ್ಟಿದ್ದಲ್ಲ. ಹತ್ತುವವನ ಮೈಗೆ ಹಗ್ಗ 12 ಕಿಲೋನ್ಯೂಟನ್‌ಗಿಂತ ಹೆಚ್ಚಿನ ಹೊಡೆತ ಕೊಡಬಾರದು ಎಂಬುದು ಹಗ್ಗದ ಮಾನಕ. ಮೇಲಿನ ಕೊಂಡಿಯ ಮೇಲೆ ಹಗ್ಗದ ಎರಡೂ ಕಡೆಯ ಎಳೆತ ಬೀಳುತ್ತದೆ. ಸ್ವಲ್ಪ ಭಾಗ ಘರ್ಷಣೆಯಲ್ಲಿ ಕಳೆದರೂ ಅಲ್ಲಿ ಒಟ್ಟು ಎಳೆತ ಆ 12ರ ಸುಮಾರು ಒಂದೂ ಮೂರನೇ ಎರಡು ಪಟ್ಟು, ಅಂದರೆ 20. ನಿಜವಾದ ಬೀಳುವಿಕೆಗಳಲ್ಲಿ ಇದರ ಅರ್ಧವೂ ಬರುವುದು ಅಪರೂಪ. ಆದ್ದರಿಂದ 22ಕ್ಕಿಂತ 24 ಮೇಲು ಎಂದು ಹೆಚ್ಚು ಹಣ ಕೊಡುವುದರಲ್ಲಿ ಅರ್ಥವಿಲ್ಲ. ನೋಡಬೇಕಾದದ್ದು ಮೂರನೆಯ ಅಂಕಿಯನ್ನು. ಕೊಂಡಿಗಳು ಮುರಿದ ಘಟನೆಗಳಲ್ಲಿ ಬಹುಪಾಲು ಬಾಗಿಲು ತೆರೆದಿದ್ದಾಗ, ಇಲ್ಲವೇ ಕೊಂಡಿ ಅಡ್ಡ ತಿರುಗಿದ್ದಾಗ, ಅಥವಾ ಬಂಡೆಯ ಅಂಚಿಗೆ ಒತ್ತಿಕೊಂಡಾಗ ಸಂಭವಿಸಿದವು.

ಬಾಗಿಲು ತಾನಾಗಿ ತೆರೆಯುವುದು ಹೇಗೆ? ಬಿದ್ದವನ ಹಗ್ಗ ರಭಸದಿಂದ ಜಾರುವಾಗ ಕೊಂಡಿ ಅದುರುತ್ತದೆ, ಭಾರವಾದ ಬಾಗಿಲು ಆ ಅದುರಿಗೆ ಕ್ಷಣಕಾಲ ಬಿಚ್ಚಿಕೊಳ್ಳುತ್ತದೆ. 1990ರ ದಶಕದ ಮಧ್ಯದಲ್ಲಿ ಬಂದ ತಂತಿಯ ಬಾಗಿಲು ಇದಕ್ಕೆ ಪರಿಹಾರವಾಯಿತು: ತಂತಿ ಹಗುರ, ಅದುರು ಕಡಿಮೆ, ಇಡೀ ಕೊಂಡಿ 30 ಗ್ರಾಂ ಆಸುಪಾಸಿಗೆ ಇಳಿಯಿತು. ಆದರೆ ಹಲವು ತಂತಿ ಬಾಗಿಲುಗಳ ಮೂತಿಯಲ್ಲಿ ಕೊಕ್ಕೆಯಂಥ ಮಡಚು ಉಳಿಯುತ್ತದೆ. ಬೋಲ್ಟಿನ ತಗಡಿನಿಂದ ತೆಗೆಯುವಾಗ ಅದು ಸಿಕ್ಕಿಕೊಂಡು ಕಾಡುತ್ತದೆ. ನುಣುಪು ಮೂತಿಯ, ಕೀಲಾಕ್ ಎಂದು ಕರೆಯುವ ಬಾಗಿಲಿಗೆ ಆ ಕಾಟವಿಲ್ಲ. ದಾರಿಯನ್ನು ಮತ್ತೆ ಮತ್ತೆ ಹತ್ತಿ ಬಿದ್ದು ಅಭ್ಯಾಸ ಮಾಡುವವರಿಗೆ ಹತ್ತು ಗ್ರಾಂ ಉಳಿತಾಯಕ್ಕಿಂತ ಕೀಲಾಕ್ ಹೆಚ್ಚು ಉಪಯೋಗಿ. ಹಗುರತನದ ಹುಚ್ಚು ಹಿಮಾಲಯಕ್ಕೆ ಹೊರಟವರಿಗೆ ಇರಲಿ.

ಬೋಲ್ಟ್ ಹಾಕಿದ ದಾರಿಗಳ ಸ್ಪೋರ್ಟ್ ಕ್ಲೈಂಬಿಂಗ್ 1980ರ ದಶಕದಲ್ಲಿ ಫ್ರಾನ್ಸಿನ ವೆರ್ಡನ್, ಬ್ಯೂಕ್ಸ್ ಗೋಡೆಗಳಲ್ಲಿ ಬೆಳೆದು, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ವರೆಗೆ ಹೋಯಿತು. ಕರ್ನಾಟಕದಲ್ಲಿ ಅದರ ತವರು ಬಾದಾಮಿಯ ಮರಳುಗಲ್ಲು. ಬೆಂಗಳೂರಿಗೆ ಹತ್ತಿರದ ಗ್ರಾನೈಟ್ ರಾಮನಗರದ್ದು. 1800ರಲ್ಲಿ ಆ ಊರಿಗೆ ಕ್ಲೋಸ್‌ಪೇಟೆ ಎಂದು ಹೆಸರಾದದ್ದು ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ, ಮುಂದೆ ಮೈಸೂರಿನ ಮೊದಲ ರೆಸಿಡೆಂಟ್ ಆದ ಬ್ಯಾರಿ ಕ್ಲೋಸ್‌ನಿಂದ. ಅಲ್ಲಿನ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಧಾಮವಾಯಿತು, ಗೂಡು ಕಟ್ಟುವ ಬಂಡೆಗೆ ಆರೋಹಿ ಕಾಲಿಡುವಂತಿಲ್ಲ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಕೃತಕ ಗೋಡೆಯಲ್ಲಿ ಕೈಪಳಗಿಸಿಕೊಂಡ ಹುಡುಗ ಹುಡುಗಿಯರು ಅನೇಕರು. ಮಂಡ್ಯದ ಬೆಟ್ಟಗಳ ಕಥೆ ಬೇರೆ. ಕುಂತಿಬೆಟ್ಟಕ್ಕೆ ಬರುವವರಲ್ಲಿ ಹೆಚ್ಚಿನವರು ಚಾರಣಿಗರು. ಮಾಮೂಲಿ ಕಾಲುದಾರಿಯಲ್ಲಿ ಕೊಂಡಿಯ ಅಗತ್ಯವೇ ಇಲ್ಲ. ಬ್ಯಾಗಿಗೆ ನೇತುಹಾಕುವ ಬಣ್ಣದ ಅಗ್ಗದ ಕೊಂಡಿಗೆ ಬೀಗದ ಕೈ ಸಿಕ್ಕಿಸಬಹುದು, ಮನುಷ್ಯನನ್ನಲ್ಲ. ಬೆನ್ನ ಮೇಲೆ ಕಿಲೋನ್ಯೂಟನ್ ಅಂಕಿ ಇಲ್ಲದ ಕೊಂಡಿ ಬಂಡೆಯ ಕೊಂಡಿಯಲ್ಲ.

ಇಂಥ ಗ್ರಾನೈಟ್ ಬೆಟ್ಟದಲ್ಲಿ ಹಗ್ಗ ಹಾಕಿ ಕಲಿಸುವ ಶಿಬಿರಗಳಿಗೆ ಬೇಕಾದ ಸಾಮಾನು ಸ್ಪೋರ್ಟ್ ಆರೋಹಿಯದ್ದಕ್ಕಿಂತ ಸ್ವಲ್ಪ ಭಿನ್ನ. ಮೇಲೆ ಕಟ್ಟಿದ ಹಗ್ಗದಲ್ಲಿ ದಿನವಿಡೀ ಮಕ್ಕಳನ್ನು ಹತ್ತಿಸಿ ಇಳಿಸುವಾಗ ಹಗ್ಗ ಒಂದೇ ಕೊಂಡಿಯ ಒಂದೇ ಜಾಗವನ್ನು ಉಜ್ಜುತ್ತದೆ; ಹಗ್ಗಕ್ಕೆ ಹತ್ತಿದ ಕಲ್ಲುಪುಡಿ ಉಪ್ಪುಕಾಗದದ ಕೆಲಸ ಮಾಡುತ್ತದೆ. ಅಲ್ಯೂಮಿನಿಯಂ ಬೇಗ ಸವೆಯುತ್ತದೆ, ಉಕ್ಕು ಉಳಿಯುತ್ತದೆ. ಅಲ್ಲಿ ಒಂದು ಕಾಲದ ಭಾರದ ಉಕ್ಕೇ ಸರಿ, ತಿರುಪು ಬೀಗದ್ದು, ಜೋಡಿಯಾಗಿ, ಬಾಗಿಲುಗಳು ಎದುರುಬದುರಾಗಿ. ಹಗ್ಗ ಹಿಡಿಯುವವರ ಸೊಂಟಕ್ಕೆ ಪೇರಲೆ ಆಕಾರದ, ಎಚ್ಎಂಎಸ್ ಗುರುತಿನ ಬೀಗದ ಕೊಂಡಿ. ಅಗಲವಾದ ತಲೆಯಲ್ಲಿ ಹಗ್ಗದ ಗಂಟು ಸಿಕ್ಕಿಕೊಳ್ಳದೆ ಹೊರಳುತ್ತದೆ. ತಾನಾಗಿ ಬೀಗ ಬೀಳುವ ಮಾದರಿಗಳಿವೆ. ಧೂಳು ಹೊಕ್ಕು ಸ್ಪ್ರಿಂಗ್ ತಡವರಿಸಿದರೆ ಅವು ಬೀಗ ಬಿದ್ದಂತೆ ನಟಿಸುತ್ತವೆ. ಬೇಸಿಗೆಯಲ್ಲಿ ತಿರುಪು ಬೀಗವನ್ನೇ ನೆಚ್ಚುವವರು ಹೆಚ್ಚು.

ಮುನ್ನಡೆಯುವ ಆರೋಹಿಯ ಕೈಯಲ್ಲಿರುವುದು ಕ್ವಿಕ್‌ಡ್ರಾ: ಗಟ್ಟಿ ಪಟ್ಟಿಯ ಎರಡು ತುದಿಗೆ ಎರಡು ಕೊಂಡಿ. ಮೇಲಿನದು ಬೋಲ್ಟಿಗೆ, ಕೆಳಗಿನದು ಹಗ್ಗಕ್ಕೆ. ಕೆಳಗಿನ ಬಾಗಿಲು ಬಾಗಿರುತ್ತದೆ, ಹಗ್ಗ ತಾನೇ ಒಳಗೆ ಜಾರಲೆಂದು. ರಬ್ಬರ್ ತುಂಡಿನಿಂದ ಅದನ್ನು ಪಟ್ಟಿಗೆ ಬಿಗಿದಿರುತ್ತಾರೆ, ಅಡ್ಡ ತಿರುಗದಿರಲೆಂದು. ಎರಡನ್ನೂ ಎಂದಿಗೂ ಅದಲು ಬದಲು ಮಾಡಬಾರದು. ಬೋಲ್ಟಿನ ತಗಡಿನ ಅಂಚು ಮೇಲಿನ ಕೊಂಡಿಯ ಒಳಬಾಗಿನಲ್ಲಿ ಸಣ್ಣ ಚೂಪು ಗೆರೆಗಳನ್ನು ಮೂಡಿಸುತ್ತದೆ, ಬೆರಳಾಡಿಸಿದರೆ ತಿಳಿಯುವಷ್ಟು. ಅದೇ ಕೊಂಡಿಗೆ ಹಗ್ಗ ಹಾಕಿ ಬಿದ್ದರೆ ಹಗ್ಗದ ಹೊರಪದರ ಸಿಗಿಯುತ್ತದೆ. ಗುರುತಿಗೆ ಎರಡಕ್ಕೂ ಬೇರೆ ಬಣ್ಣದವನ್ನು ಕೊಳ್ಳುವ ರೂಢಿ ಇದರಿಂದಲೇ ಬಂತು.

ಕೊಂಡಿಗೆ ಆಯುಷ್ಯದ ಗಡುವಿಲ್ಲ, ಪಟ್ಟಿಗೆ ಇದೆ. ಪಟ್ಟಿ ಮತ್ತು ಹಗ್ಗಕ್ಕೆ ಹೆಚ್ಚೆಂದರೆ ಹತ್ತು ವರ್ಷ ಎನ್ನುತ್ತಾರೆ ತಯಾರಕರು, ಬಿಸಿಲಿಗೆ ಬಿದ್ದದ್ದಾದರೆ ಇನ್ನೂ ಬೇಗ. ಲೋಹವನ್ನು ಕಣ್ಣಿನಿಂದಲೂ ಉಗುರಿನಿಂದಲೂ ಪರೀಕ್ಷಿಸಬೇಕು: ಹಗ್ಗ ಕೊರೆದ ತೋಡಿನ ಆಳ 1 ಮಿಲಿಮೀಟರ್ ಮೀರಿದರೆ, ಅಂಚು ಚೂಪಾದರೆ, ಬಾಗಿಲು ಬಿಟ್ಟ ಕೂಡಲೇ ತಾನಾಗಿ ಮುಚ್ಚದಿದ್ದರೆ ಅದನ್ನು ಕೈಬಿಡಬೇಕು. ಧೂಳಿನಿಂದ ಬಿಗಿಯಾದ ಬಾಗಿಲನ್ನು ಬಿಸಿನೀರು, ಸಾಬೂನಿನಲ್ಲಿ ತೊಳೆದು ಒಣಗಿಸಿ, ಕೀಲಿಗೆ ಒಂದು ಹನಿ ಎಣ್ಣೆ ಬಿಟ್ಟು ಒರೆಸಿದರೆ ಬಹಳ ಸಲ ಮತ್ತೆ ಸರಿಹೋಗುತ್ತದೆ. ಕೈಬಿಟ್ಟ ಕೊಂಡಿಯನ್ನು ಗರಗಸದಿಂದ ಕತ್ತರಿಸಿಯೇ ಎಸೆಯುವುದು ಶಿಬಿರಗಳ ಒಳ್ಳೆಯ ಪದ್ಧತಿ. ಇಲ್ಲದಿದ್ದರೆ ಯಾರಾದರೂ ಅದನ್ನು ಹೆಕ್ಕಿ ಮತ್ತೆ ಹಗ್ಗಕ್ಕೆ ಹಾಕಿಬಿಡುತ್ತಾರೆ.