ಆರು ವೋಲ್ಟಿನ ಸಂಗೀತ

ಭಾನುವಾರ ಬೆಳಿಗ್ಗೆ ನಾನು ದೋಸೆ ಹುಯ್ಯುತ್ತಿದ್ದಾಗ ಮಗಳು ಅಡುಗೆಮನೆಗೆ ಬಂದು, "ಅಮ್ಮ, ಹಳೇ ಕುಕ್ಕರಿನ ಗ್ಯಾಸ್ಕೆಟ್ ಇದೆಯಾ? ಹಾಗೇ ಗಟ್ಟಿ ಮುಚ್ಚಳದ ಎರಡು ಪ್ಲಾಸ್ಟಿಕ್ ಡಬ್ಬಿ ಕೊಡು" ಎಂದಳು. ಉಪ್ಪಿನಕಾಯಿಗೇನೋ ಅಂದುಕೊಂಡೆ. "ಅಲ್ಲಮ್ಮ, ಅಪ್ಪನ ಯೆಜ್ಡಿಗೆ ಹಾಡು ಕಟ್ಟಬೇಕು. ಎರಡು ಸಾವಿರದೊಳಗೆ ಮುಗಿಸ್ತೀನಿ, ನೋಡ್ತಾ ಇರು" ಎಂದಳು.

ದೋಸೆ ಸೀದುಹೋಯಿತು. ಆ ಯೆಜ್ಡಿಗೆ ಹಾಡು ಕಟ್ಟುವ ಸಾಹಸದಲ್ಲಿ ಹಿಂದೊಮ್ಮೆ ನನ್ನ ಮಿಕ್ಸಿಯೇ ಕೊಚ್ಚಿಹೋಗಿತ್ತು. ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಶುರುಮಾಡಬೇಕು.

ಮೈಸೂರಿನವರಿಗೆ ಯಾದವಗಿರಿ ಎಂದ ತಕ್ಷಣ ಎರಡು ನೆನಪಾಗುತ್ತವೆ: ಒಂದು ಆಕಾಶವಾಣಿ, ಇನ್ನೊಂದು ಜಾವಾ ಕಾರ್ಖಾನೆ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಸ್ವಂತ ಮನೆಯಿಂದಲೇ ರೇಡಿಯೋ ಪ್ರಸಾರ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಮೊದಲು ಅಂಟಿಕೊಂಡದ್ದು ಆ ಪುಟ್ಟ ಕೇಂದ್ರಕ್ಕೆ. ಇಡೀ ದೇಶದ ಬಾನುಲಿಗೆ ಆ ಹೆಸರು ಬಂದದ್ದು ಆಮೇಲೆ. 1955ರಲ್ಲಿ ಕೇಂದ್ರ ಬೆಂಗಳೂರಿಗೆ ಹೋಯಿತು. ಎಪ್ಪತ್ತರ ದಶಕದಲ್ಲಿ ಮೈಸೂರಿಗೆ ಮತ್ತೆ ತನ್ನದೇ ಕೇಂದ್ರ ಸಿಕ್ಕಿತು. ಅದೇ ಯಾದವಗಿರಿಯಲ್ಲಿ 1961ರಿಂದ ಐಡಿಯಲ್ ಜಾವಾ ಕಾರ್ಖಾನೆಯ ಮೋಟಾರ್ ಸೈಕಲ್ಲುಗಳು ಹೊರಬಂದವು. 1973ರಿಂದ ಅವಕ್ಕೆ ಯೆಜ್ಡಿ ಎಂದು ಹೆಸರಾಯಿತು. ಹೀಗೆ ಮಾತೂ ಮೋಟಾರೂ ಒಂದೇ ಬಡಾವಣೆಯಲ್ಲಿ ನೆರೆಹೊರೆಯಾಗಿ ಬಾಳಿದವು. ಅವೆರಡನ್ನೂ ಒಂದು ಮಾಡುವುದು ಮಾತ್ರ ಅಷ್ಟು ಸುಲಭವಾಗಿರಲಿಲ್ಲ.

ಸುಲಭವಾಗದಿರಲು ಕಾರಣವಿತ್ತು. ಹಳೆಯ ರೇಡಿಯೋಗಳು ನಡೆಯುತ್ತಿದ್ದುದು ಗಾಜಿನ ವಾಲ್ವುಗಳ ಮೇಲೆ. ವಾಲ್ವು ಕಾದು ಕೆಂಪಗಾಗಬೇಕು, ಮೇಲಾಗಿ ಅದಕ್ಕೆ ಹೆಚ್ಚು ವೋಲ್ಟಿನ ವಿದ್ಯುತ್ತು ಬೇಕು. ಅಮೆರಿಕದ ಷಿಕಾಗೋದಲ್ಲಿ ಪಾಲ್ ಗಾಲ್ವಿನ್ ಮತ್ತು ಅವರ ತಮ್ಮ 1930ರಲ್ಲಿ ಕಾರಿನ ರೇಡಿಯೋ ಮಾರಲು ತೊಡಗಿದರು. ಮೋಟಾರಿನ 'ಮೋಟೋ'ಗೆ ಆ ಕಾಲದ ಹಾಡಿನ ಪೆಟ್ಟಿಗೆಗಳ ಹೆಸರಿನ ಬಾಲವನ್ನು ಸೇರಿಸಿ 'ಮೋಟೊರೋಲಾ' ಎಂದು ಕರೆದರು. ಕಾರಾದರೆ ಭಾರ ಹೊರುತ್ತದೆ, ಮಳೆಗೆ ಮಾಡು ಇದೆ, ಕಿಟಕಿ ಏರಿಸಿದರೆ ಗಾಳಿಯ ಸದ್ದಿಲ್ಲ. ಮೋಟಾರ್ ಸೈಕಲ್ಲಿಗೆ ಇವು ಒಂದೂ ಇಲ್ಲ. ಕಾರಿನವರು ಹಾಡು ಕೇಳಿಕೊಂಡು ಹೋಗುತ್ತಿದ್ದಾಗ ಬೈಕಿನವರಿಗೆ ಎಂಜಿನ್ನಿನ ಪಟಪಟವೇ ಗತಿಯಾಗಿತ್ತು.

ದಾರಿ ತೆರೆದದ್ದು ಟ್ರಾನ್ಸಿಸ್ಟರ್. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಅದು ಹುಟ್ಟಿತು. 1954ರಲ್ಲಿ ರೀಜೆನ್ಸಿ ಎಂಬ ಪುಟ್ಟ ರೇಡಿಯೋ 49 ಡಾಲರ್ 95 ಸೆಂಟಿಗೆ ಅಂಗಡಿಗೆ ಬಂತು. ಮರುವರ್ಷ ಜಪಾನಿನ ಸೋನಿ ತನ್ನದನ್ನು ತಂದಿತು. ನಮ್ಮಲ್ಲಿ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಶುರುವಾಯಿತು. ಕೇಳಲು ಹಾಡೂ ಬಂತು, ಹೊತ್ತೊಯ್ಯಲು ಪೆಟ್ಟಿಗೆಯೂ ಬಂತು. ಅರವತ್ತು ಎಪ್ಪತ್ತರ ದಶಕದಲ್ಲಿ ಚರ್ಮದ ಚೀಲ ತೊಡಿಸಿದ ಟ್ರಾನ್ಸಿಸ್ಟರನ್ನು ಸೈಕಲ್ಲಿನ ಹ್ಯಾಂಡಲ್ಲಿಗೆ ತೂಗುಹಾಕಿಕೊಂಡು ಕ್ರಿಕೆಟ್ ಕಾಮೆಂಟರಿ ಕೇಳುತ್ತ ಹೋಗುವವರನ್ನು ನೀವೂ ನೋಡಿರುತ್ತೀರಿ.

ಅದಕ್ಕೆ ಮುಂಚೆ ರೇಡಿಯೋ ಎಂದರೆ ನಡುಮನೆಯ ಗೂಡಿನಲ್ಲಿ ಕೂತ ದೊಡ್ಡ ಪೆಟ್ಟಿಗೆ. ಅದರ ಮೇಲೆ ಕಸೂತಿ ಬಟ್ಟೆ ಹೊದಿಸುವುದು ನಮ್ಮ ಕೆಲಸ, ಗುಂಡಿ ತಿರುಗಿಸುವುದು ಮನೆಯ ಹಿರಿಯರ ಅಧಿಕಾರ. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಲೈಸೆನ್ಸಿನ ಹಣ ಕಟ್ಟಿ ಬರಬೇಕಿತ್ತು. ಆ ಪದ್ಧತಿ ಎಂಬತ್ತರ ದಶಕದವರೆಗೂ ಉಳಿದಿತ್ತು. ಆದರೂ ಒಂದು ಸುಖವಿತ್ತು. ಪೆಟ್ಟಿಗೆ ಮನೆ ಬಿಟ್ಟು ಎಲ್ಲಿಗೂ ಹೋಗುತ್ತಿರಲಿಲ್ಲ. ಗಂಡಸರು ಕಚೇರಿಗೆ ಹೋದಮೇಲೆ ಅಕ್ಕಿ ಆರಿಸುತ್ತಾ ಅದು ಹೇಳಿದ್ದನ್ನು ಕೇಳಬಹುದಿತ್ತು. ಟ್ರಾನ್ಸಿಸ್ಟರ್ ಬಂದಾಗ ನಾವು ಹಿಗ್ಗಿದೆವು, ಇನ್ನು ಅದು ಅಡುಗೆಮನೆಗೂ ಬರುತ್ತದೆಂದು. ಬಂತು ಕೂಡ. ಆದರೆ ಹೊತ್ತೊಯ್ಯಬಹುದಾದ ವಸ್ತು ಯಾರ ಜೊತೆ ಹೋಗುತ್ತದೆ ಹೇಳಿ? ಹೊರಗೆ ಹೋಗುವವರ ಜೊತೆ!

1980ರಲ್ಲಿ ನನ್ನ ಮದುವೆಯಾದಾಗ ಅಪ್ಪ ವರನಿಗೆ ವಾಚು ಕೊಟ್ಟು, ಜೊತೆಗೆ ಒಂದು ಟ್ರಾನ್ಸಿಸ್ಟರನ್ನೂ ಕೊಟ್ಟರು. ಆ ಕಾಲದ ಉಪಚಾರದ ಪಟ್ಟಿಯಲ್ಲಿ ವಾಚು, ಸೈಕಲ್ಲು, ಟ್ರಾನ್ಸಿಸ್ಟರ್ ಒಟ್ಟೊಟ್ಟಿಗೆ ಇರುತ್ತಿದ್ದವು. "ನಿನಗೆ ಹಾಡೆಂದರೆ ಇಷ್ಟ, ಅದಕ್ಕೇ ಕೊಟ್ಟೆ" ಎಂದು ಅಪ್ಪ ನನ್ನ ಕಿವಿಯಲ್ಲಿ ಹೇಳಿದ್ದರು. ಎರಡು ವರ್ಷ ಮಧ್ಯಾಹ್ನದ ಮಹಿಳೆಯರ ಕಾರ್ಯಕ್ರಮವನ್ನು ಒಂದೂ ಬಿಡದೆ ಕೇಳಿದೆ. ಆಮೇಲೆ ನಮ್ಮವರು ಒಂದು ಹಳೆಯ ಯೆಜ್ಡಿ ಕೊಂಡರು. ಮರುವಾರವೇ ನನ್ನ ಟ್ರಾನ್ಸಿಸ್ಟರ್ ಅದರ ಪೆಟ್ರೋಲ್ ಟ್ಯಾಂಕಿನ ಮೇಲಿನ ಚೀಲವನ್ನು ಸೇರಿತು. ಬೆಳಿಗ್ಗೆ ಒಂಬತ್ತೂವರೆಗೆ ಹೊರಟರೆ ಸಂಜೆ ಆರಕ್ಕೆ ಬರುತ್ತಿತ್ತು. ಕೇಳಿದರೆ, "ನೀನು ಮನೆಯಲ್ಲೇ ಇರುತ್ತೀಯಲ್ಲ" ಎನ್ನುತ್ತಿದ್ದರು. ಮನೆಯಲ್ಲೇ ಇರುವವಳಿಗೇ ಅದು ಬೇಕಾಗಿದ್ದುದು ಎಂದು ಅಂದು ನನಗೆ ಹೇಳಲು ತೋಚಲಿಲ್ಲ.

ಅಷ್ಟರಲ್ಲಿ ಕ್ಯಾಸೆಟ್ಟಿನ ಕಾಲ ಬಂದಿತ್ತು. 1963ರಲ್ಲಿ ಫಿಲಿಪ್ಸ್ ಕಂಪನಿ ಹೊರತಂದ ಆ ಅಂಗೈಯಗಲದ ಡಬ್ಬಿ ನಮ್ಮ ಊರುಗಳಿಗೆ ನುಗ್ಗಿದ್ದು ಎಪ್ಪತ್ತರ ದಶಕದ ಕೊನೆಗೆ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳು ಮೈಸೂರು ಅನಂತಸ್ವಾಮಿಯವರ ರಾಗದಲ್ಲಿ 'ನಿತ್ಯೋತ್ಸವ' ಧ್ವನಿಸುರುಳಿಯಾಗಿ ಬಂದಮೇಲೆ ಭಾವಗೀತೆ ಮನೆಮನೆಯ ಮಾತಾಯಿತು. ಆಕಾಶವಾಣಿ ಯಾವಾಗ ಹಾಕುತ್ತದೋ ಎಂದು ಕಾಯುವ ಕಾಲ ಮುಗಿಯಿತು. ಅತ್ತ 1979ರಲ್ಲಿ ಸೋನಿಯ ವಾಕ್‌ಮನ್ ಬಂದು ಹಾಡನ್ನು ಒಬ್ಬರ ಕಿವಿಗೆ ಸೀಮಿತ ಮಾಡಿತು. ಮರುವರ್ಷ ಹೋಂಡಾದವರು ಗೋಲ್ಡ್ ವಿಂಗ್ ಎಂಬ ಆನೆಯಂಥ ಮೋಟಾರ್ ಸೈಕಲ್ಲಿಗೆ ಬೇಕೆಂದವರಿಗೆ ಸ್ಟೀರಿಯೋ ಕೂಡಿಸಿ ಕೊಡಲು ಮೊದಲಿಟ್ಟರು. ಅದರ ಸುದ್ದಿಯನ್ನು ನಮ್ಮವರು ಯಾವುದೋ ಪತ್ರಿಕೆಯಲ್ಲಿ ಓದಿದರು. ನನ್ನ ಗ್ರಹಚಾರ ಶುರುವಾದದ್ದು ಅಲ್ಲಿಂದ.

ಟೇಪ್ ರೆಕಾರ್ಡರಿಗೆ ಒಂದೂವರೆ ವೋಲ್ಟಿನ ನಾಲ್ಕು ಸೆಲ್ಲು, ಎಂದರೆ ಆರು ವೋಲ್ಟು. ನಮ್ಮ ಯೆಜ್ಡಿಯ ಬ್ಯಾಟರಿಯೂ ಆರು ವೋಲ್ಟು. "ಜಾತಕ ಕೂಡಿತು ನೋಡು!" ಎಂದು ನಮ್ಮವರು ಕುಣಿದರು. ಬ್ಯಾಟರಿಯಿಂದ ನೇರ ತಂತಿ ಎಳೆದರು. ಹಾಡು ಬಂತು, ಆದರೆ ಗಾಡಿ ಹೊರಟರೆ ಕೇಳದು. ಒಬ್ಬ ರೇಡಿಯೋ ರಿಪೇರಿಯವರ ಹತ್ತಿರ ಆಂಪ್ಲಿಫೈಯರ್ ಮಾಡಿಸಿ, ಎರಡು ದೊಡ್ಡ ಸ್ಪೀಕರುಗಳನ್ನು ಲೆಗ್‌ಗಾರ್ಡಿಗೆ ಬಿಗಿಸಿದರು. ಒಟ್ಟು ಖರ್ಚು ಆರುನೂರು ರೂಪಾಯಿ. ನಾನು ಮಿಕ್ಸಿಗೆಂದು ಎತ್ತಿದ್ದ ಚೀಟಿಯ ಹಣ ಅದು. "ಸಂಬಳ ಬಂದಕೂಡಲೇ ಕೊಡುತ್ತೇನೆ" ಎಂದರು. 1985ರ ಮಾತು.

ಮೊದಲ ಸವಾರಿ ನಂಜನಗೂಡಿಗೆ. ಹೋಗುವಾಗ ಬಿಸಿಲಿತ್ತು, ಚೆನ್ನಾಗಿಯೇ ಹೋದೆವು. ದರ್ಶನ ಮುಗಿಸಿ ಹಿಂತಿರುಗುವಾಗ ಕತ್ತಲಾಗಿ ಹೆಡ್‌ಲೈಟ್ ಹಾಕಿದರು. ತಬಲಾ ಬಾರಿಸಿದಾಗೆಲ್ಲ ದೀಪ ಮಿಣುಕುತ್ತಿತ್ತು. "ತಾಳಕ್ಕೆ ಸರಿಯಾಗಿ ಬೆಳಕು, ನೋಡು" ಎಂದು ಅವರು ಹೆಮ್ಮೆಪಡುತ್ತಿರುವಾಗಲೇ ದೀಪ ಆರಿತು, ಹಾಡು ಎಳೆದುಕೊಂಡು ನಿಂತಿತು, ಎಂಜಿನ್ನೂ ನಿಂತಿತು. ಹಳೆಯ ಯೆಜ್ಡಿಯಲ್ಲಿ ಎಂಜಿನ್ನಿನ ಕಿಡಿ ಹುಟ್ಟುವುದೂ ಅದೇ ಬ್ಯಾಟರಿಯಿಂದ. ಅದನ್ನು ತುಂಬುವ ಪುಟ್ಟ ಡೈನಮೋ ಕೊಡುವ ವಿದ್ಯುತ್ತು ಕಿಡಿಗೂ ಹೆಡ್‌ಲೈಟಿಗೂ ಸರಿಹೋಗುತ್ತಿತ್ತು. ಉಳಿದದ್ದನ್ನೆಲ್ಲ ಆಂಪ್ಲಿಫೈಯರ್ ಬ್ಯಾಟರಿಯ ಹೊಟ್ಟೆಯಿಂದ ಕುಡಿದುಬಿಟ್ಟಿತ್ತು. ರೇಷ್ಮೆ ಸೀರೆ ಎತ್ತಿಕಟ್ಟಿ ಮೈಲುಗಟ್ಟಲೆ ಗಾಡಿ ತಳ್ಳಿದೆ. ಮಿಕ್ಸಿ ಬಂದದ್ದು ಇನ್ನೆರಡು ವರ್ಷದ ಮೇಲೆ. ಅಲ್ಲಿಯವರೆಗೆ ಒರಳುಕಲ್ಲಿನಲ್ಲಿ ಚಟ್ನಿ ರುಬ್ಬುವಾಗೆಲ್ಲ ಶೆಡ್ಡಿನಲ್ಲಿ ಬಿದ್ದಿದ್ದ ಆ ಸ್ಪೀಕರುಗಳು ಕಣ್ಣಿಗೆ ಬೀಳುತ್ತಿದ್ದವು.

ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಯೆಜ್ಡಿ ಎಂಬ ಹೆಸರು 2022ರಲ್ಲಿ ಮತ್ತೆ ಬಂದಿತಾದರೂ ಆ ಗಾಡಿಗಳು ತಯಾರಾಗುವುದು ಮೈಸೂರಿನಲ್ಲಲ್ಲ. ನಮ್ಮವರು ಹೋಗಿ ಆರು ವರ್ಷವಾಯಿತು. ಗಾಡಿಯನ್ನು ಗುಜರಿಗೆ ಹಾಕೋಣವೆಂದಾಗ ಮಗಳು ಒಪ್ಪಲಿಲ್ಲ. ತನ್ನ ಸಂಬಳದಲ್ಲಿ ರಿಪೇರಿ ಮಾಡಿಸಿ ಓಡಿಸತೊಡಗಿದಳು.

ಅವಳು ಹಾಡು ಕಟ್ಟಿದ ಬಗೆಯನ್ನು ನಾನು ಮಣೆ ಹಾಕಿಕೊಂಡು ಕೂತು ನೋಡಿದೆ. ಮೊದಲನೆಯದಾಗಿ ಅವಳು ಬೈಕಿನ ಬ್ಯಾಟರಿಯನ್ನು ಮುಟ್ಟಲೇ ಇಲ್ಲ. ಮೊಬೈಲ್ ಚಾರ್ಜ್ ಮಾಡುವ ಪವರ್ ಬ್ಯಾಂಕ್ ಮನೆಯಲ್ಲಿತ್ತು, ಅದರಿಂದಲೇ ನಡೆಯುವ ಬೆಂಕಿಪೊಟ್ಟಣದಷ್ಟು ಆಂಪ್ಲಿಫೈಯರ್ ತಂದಿದ್ದಳು. ಹಳೆಯ ಬಗೆಯವು ಕುಡಿದ ವಿದ್ಯುತ್ತಿನಲ್ಲಿ ಅರ್ಧದಷ್ಟನ್ನು ಬರೀ ಕಾವಾಗಿ ಕಳೆಯುತ್ತಿದ್ದವು. ಈಗಿನವು ಬಹುಪಾಲನ್ನು ಸದ್ದಿಗೇ ಕೊಡುತ್ತವಂತೆ. ಬೈಕಿನ ಬ್ಯಾಟರಿಯಿಂದಲೇ ತಂತಿ ಎಳೆಯುವವರು ಬ್ಯಾಟರಿಯ ಪಕ್ಕದಲ್ಲೇ ಒಂದು ಫ್ಯೂಸ್ ಹಾಕಿಸಲೇಬೇಕು, ಇಲ್ಲದಿದ್ದರೆ ತಂತಿ ಸವೆದು ಬೆಂಕಿ ಹತ್ತೀತು ಎಂದೂ ಹೇಳಿದಳು.

"ಇಷ್ಟು ಚಿಕ್ಕದು ಕೇಳಿಸುತ್ತದೆಯೇನೇ?" ಎಂದೆ. ಅದಕ್ಕವಳು ಒಂದು ಪಾಠವನ್ನೇ ಮಾಡಿದಳು. ವ್ಯಾಟ್ ಎರಡರಷ್ಟು ಮಾಡಿದರೆ ಸದ್ದು ಏರುವುದು ಮೂರೇ ಡೆಸಿಬೆಲ್. ಕಿವಿಗೆ ಎರಡರಷ್ಟು ಎನ್ನಿಸಬೇಕಾದರೆ ಸುಮಾರು ಹತ್ತರಷ್ಟು ವ್ಯಾಟ್ ಬೇಕು. ಹಣ ಸುರಿಯುವವರು ಸೋಲುವುದು ಅಲ್ಲೇ. ಆದರೆ ಬಯಲಿನಲ್ಲಿ ಸ್ಪೀಕರಿನ ದೂರವನ್ನು ಅರ್ಧಕ್ಕೆ ಇಳಿಸಿದರೆ ಕಿವಿಗೆ ತಲುಪುವ ಬಲ ನಾಲ್ಕರಷ್ಟಾಗುತ್ತದೆ, ಅದೂ ಎರಡು ಬೋಲ್ಟಿನ ಖರ್ಚಿನಲ್ಲಿ. ಅಪ್ಪ ಕಾಲ ಬಳಿ ಕಟ್ಟಿದ್ದರು; ಅವಳು ಹ್ಯಾಂಡಲ್ಲಿನ ಮೇಲೆ ಮುಖಕ್ಕೆ ಎದುರಾಗಿ ಕಟ್ಟಿದಳು.

ಡಬ್ಬಿಗಳು ಏಕೆ ಬೇಕಾದವೆಂದು ಆಗ ತಿಳಿಯಿತು. ಬರಿಯ ಸ್ಪೀಕರಿನ ಹಿಂದಿನಿಂದ ಹೊರಡುವ ಸದ್ದು ಮುಂದಿನದನ್ನು ನುಂಗಿಹಾಕುತ್ತದೆ, ಅದರಲ್ಲೂ ಮೃದಂಗ, ತಬಲಾದ ಗುಂ ಎನ್ನುವ ದನಿಯನ್ನು. ಹಿಂಬದಿಯನ್ನು ಡಬ್ಬಿಯಲ್ಲಿ ಗಾಳಿಯಾಡದಂತೆ ಮುಚ್ಚಿದರೆ ಆ ದನಿ ಉಳಿಯುತ್ತದೆ. ಮುಚ್ಚಳಕ್ಕೆ ತೂತು ಕೊರೆದು ಸ್ಪೀಕರ್ ಕೂರಿಸಿ, ಡಬ್ಬಿ ಗಲಗಲ ಎನ್ನದಿರಲೆಂದು ಒಳಗೆ ದಿಂಬಿನ ಹತ್ತಿ ತುಂಬಿದಳು. ಕುಕ್ಕರಿನ ಗ್ಯಾಸ್ಕೆಟ್ಟನ್ನು ತುಂಡರಿಸಿ, ಎಂಜಿನ್ನಿನ ನಡುಕ ತಾಗದಂತೆ ಡಬ್ಬಿಯ ಅಡಿಗೆ ಕೊಟ್ಟಳು. ಸ್ಪೀಕರ್ ಮಾತ್ರ ಮಳೆ ತಡೆಯುವಂಥದ್ದನ್ನೇ ಕೊಂಡಿದ್ದಳು. ಕಾಗದದ್ದಾದರೆ ಒಂದೇ ಮುಂಗಾರಿಗೆ ಹಪ್ಪಳವಾಗುತ್ತದೆ. ಲೆಕ್ಕ ಹಾಕಿದೆವು: ಸ್ಪೀಕರಿಗೆ 1,400, ಆಂಪ್ಲಿಫೈಯರಿಗೆ 350, ತಂತಿ, ಬೋಲ್ಟುಗಳಿಗೆ 180. ಒಟ್ಟು 1,930 ರೂಪಾಯಿ. ನನ್ನ ಡಬ್ಬಿ ಲೆಕ್ಕಕ್ಕಿಲ್ಲ.

ಸಂಜೆ ಇಬ್ಬರೂ ಹೆಲ್ಮೆಟ್ ಹಾಕಿಕೊಂಡು ಹೊರಟೆವು. ನಾನು ಹಿಂದೆ ಕೂತಮೇಲೆ ಅವಳು ಮೊಬೈಲನ್ನು ನನ್ನ ಕೈಗಿತ್ತಳು. "ಹಾಡು ನೀನೇ ಹಾಕು. ಓಡಿಸುವವರು ಅದನ್ನು ಮುಟ್ಟಬಾರದು" ಎಂದಳು. ತಂತಿಯಿಲ್ಲದೆ ನನ್ನ ಬೆರಳಿನಿಂದ ಹ್ಯಾಂಡಲ್ಲಿನವರೆಗೆ ಹಾಡು ಹೇಗೆ ಹೋಗುತ್ತದೋ, ನನಗಂತೂ ಇಂದಿಗೂ ಸೋಜಿಗ. ಗಂಟೆಗೆ ನಲವತ್ತು ಕಿಲೋಮೀಟರಿನಲ್ಲಿ ಪ್ರತಿ ಮಾತೂ ಸ್ಪಷ್ಟವಾಗಿತ್ತು. ರಿಂಗ್ ರಸ್ತೆಯಲ್ಲಿ ಅವಳು ವೇಗ ಹೆಚ್ಚಿಸಿದಾಗ ಗಾಳಿಯೇ ಗೆದ್ದಿತು. ಎಂಬತ್ತು ದಾಟಿದರೆ ಹೆಲ್ಮೆಟ್ಟಿನೊಳಗೆ ಗಾಳಿಯ ಸದ್ದೇ ತೊಂಬತ್ತು ಡೆಸಿಬೆಲ್ಲಿನ ಆಸುಪಾಸು. "ಹಾಡು ಬೇಕಿದ್ದರೆ ನಿಧಾನ ಹೋಗಬೇಕು ಕಣೇ" ಎಂದೆ. ಹೋದಳು. ಕಿವಿಗೆ ಇಯರ್‌ಫೋನ್ ಚುಚ್ಚಿಕೊಂಡು, ಹಿಂದಿನ ಲಾರಿಯ ಹಾರನ್ನೂ ಕೇಳದಂತೆ ಹೋಗುವ ಹುಡುಗರಿಗಿಂತ ಇದು ಮೇಲು ಅನ್ನಿಸಿತು.

ಹಾಗೆಂದು ಊರಿಗೆಲ್ಲ ನಮ್ಮ ಹಾಡು ಕೇಳಿಸಬೇಕಾಗಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಮನೆಗಳಿರುವ ಕಡೆ ಹಗಲು 55 ಡೆಸಿಬೆಲ್, ರಾತ್ರಿ 45 ಎಂದು ಮಿತಿ ಇದೆ. ಆಸ್ಪತ್ರೆ, ಶಾಲೆಗಳ ಸುತ್ತ ಅದಕ್ಕೂ ಕಡಿಮೆ. ಹಿಂತಿರುಗುವಾಗ ಒಂದು ಆಸ್ಪತ್ರೆಯ ಮುಂದೆ ಬಂದೆವು. ಮಗಳು ಏನೋ ಹೇಳಲು ತಲೆ ತಿರುಗಿಸುವಷ್ಟರಲ್ಲಿ ನಾನೇ ಸದ್ದನ್ನು ತಗ್ಗಿಸಿದ್ದೆ.

ತಿರುವು ದಾಟಿದಮೇಲೆ ಮತ್ತೆ ಏರಿಸಿದೆ. ಮನೆ ಹತ್ತಿರ ಬಂದರೂ ಹಾಡು ಮುಗಿದಿರಲಿಲ್ಲ. "ಇನ್ನೊಂದು ಸುತ್ತು ಹೋಗೋಣವೇ?" ಎಂದು ಕೇಳಿದವಳು ನಾನೇ.